ಕುಣಿಯೊಳಗಿನ ಬಾಣಂತಿ

ಹೋದ ವಾರ ಬನಹಟ್ಟಿಯ ನಮ್ಮ ಮನೆಯಲ್ಲಿ ಹಳೆಯ ಕೈಮಗ್ಗದ ಕುಣಿಯನ್ನು ಮುಚ್ಚಿಸಿದೆವು. ನೇಕಾರ ಕಾಲು ಇಳಿಬಿಟ್ಟು ಕೂಡುವ ಆ ತಗ್ಗಿಗೆ ಮಣ್ಣು ಸುರಿದು ನೀರು ಹೊಡೆದಾಗ ಎದ್ದ ತಂಪು ವಾಸನೆಗೆ ನನ್ನ ಕಾಲುಗಳು ತಾವಾಗಿ ಹಿಂದೆ ಸರಿದವು. ನಗಬೇಡಿ, ಕಾರಣವಿದೆ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಆ ಕುಣಿಯಲ್ಲಿ ಒಂದು ಕರಿಚೇಳು ಕಂಡಿತ್ತು. ಅಂಗೈಯಷ್ಟು ಉದ್ದ, ಏಡಿಗೆ ಇರುವಂಥ ದಪ್ಪ ಇಕ್ಕಳ, ಬೆಳಕು ಬಿದ್ದರೆ ನೀಲಿ ಹೊಳೆಯುವ ಮೈ. ಸಾಲೆಯಲ್ಲಿ ಧೈರ್ಯವಂತೆ ಎಂದು ಮೆರೆಯುತ್ತಿದ್ದ ನಾನು ನೂಲಿನ ಗಂಟಿನ ಮೇಲೆ ಹತ್ತಿ ನಿಂತು ಕೂಗಿದ ಕೂಗಿಗೆ ಓಣಿಯೇ ಓಡಿಬಂತು. ಅದು ಕುಟುಕಿದರೆ ಉರಿಯುತ್ತದೆ ಅಷ್ಟೇ, ಹೆಚ್ಚು ಅಂಜಬೇಕಾದದ್ದು ಕಲ್ಲಿನಡಿಯ ಸಣ್ಣ ಕೆಂಚೇಳಿಗೆ ಎಂದು ಈಗ ಓದಿ ಬಲ್ಲೆ. ಆಗ ಯಾರಿಗೆ ಗೊತ್ತು? ಅಜ್ಜಿ ಕೆರ ಎತ್ತಿದಳು.

ಆ ಹೊತ್ತಿಗೆ ನಮ್ಮ ಕಾಕಾನ ಹೆಂಡತಿ ಗಂಗಾ ಕಾಕಿ ಮಾತು ಬಿಟ್ಟು ಒಂದು ಸುಗ್ಗಿ ಕಳೆದಿತ್ತು. ಅವಳ ಚೊಚ್ಚಲ ಹೆಣ್ಣುಕೂಸು ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಉಣ್ಣು ಎಂದರೆ ಉಣ್ಣುವಳು, ಕಂಡಿಕೆಗೆ ನೂಲು ಸುತ್ತು ಎಂದರೆ ಸುತ್ತುವಳು. ಬಾಯಿ ಮಾತ್ರ ತೆರೆಯಳು. ಅವತ್ತು ಅವಳೇ ಬಂದು ಅಜ್ಜಿಯ ಕೈ ಹಿಡಿದಳು.

"ಬ್ಯಾಡ್ರಿ ಅತ್ತಿ. ಬೆನ್ನ ಮ್ಯಾಲ ಕೂಸು ಅದಾವ."

ಸೊಸೆಯ ದನಿ ಕೇಳಿ ಅಜ್ಜಿಯ ಕೈಯಿಂದ ಕೆರ ಜಾರಿತು. ಬಗ್ಗಿ ನೋಡಿದರೆ ಹೌದು, ಅಕ್ಕಿ ಕಾಳಿನಂಥ ಬಿಳಿ ಮರಿಗಳು, ಒಂದರ ಮೇಲೊಂದು. ಚೇಳಿನ ಮರಿ ತಾಯಿಯ ಹೊಟ್ಟೆ ಬಗೆದೇ ಹುಟ್ಟುತ್ತದೆ, ಹೆತ್ತ ಚೇಳು ಉಳಿಯುವುದಿಲ್ಲ ಎಂದು ನಂಬಿದ್ದ ಮನೆ ನಮ್ಮದು. ಈ ತಾಯಿ ಬದುಕಿತ್ತು.

ಆ ಮಗ್ಗ ನಿಂತಿತು. ಕಾಕಿ ಕುಣಿಯ ಅಂಚಿಗೆ ಕೂತು ಕಾಯ್ದಳು. ಮರಿಯೊಂದು ಜಾರಿ ಬಿದ್ದರೆ ಅದು ತಾಯಿಯ ಇಕ್ಕಳ ಹಿಡಿದು ತಿರುಗಿ ಬೆನ್ನಿಗೆ ಹತ್ತುವುದನ್ನು ನಮ್ಮನ್ನು ಕರೆದು ತೋರಿಸುವಳು. ಮರಿಗಳು ಪೊರೆ ಬಿಟ್ಟು ಕಪ್ಪಾಗತೊಡಗಿದಾಗ ಕಾಕಾ ತಾಯಿ-ಮಕ್ಕಳನ್ನು ಗಡಿಗೆಗೆ ಇಳಿಸಿ, ಕಾಕಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಊರಾಚೆಯ ಗುಡ್ಡಕ್ಕೆ ಬಿಟ್ಟುಬಂದ. ಬರುವಾಗ ದಾರಿಯಲ್ಲಿ ಇಬ್ಬರೂ ಅತ್ತರಂತೆ. ಕೂಸು ಹೋದಮೇಲೆ ಅದೇ ಮೊದಲು.

ಮುಂದೆ ಅವರಿಗೆ ಇಬ್ಬರು ಗಂಡುಮಕ್ಕಳಾದರು. ಮೊದಲಿನದರ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹೋದ ವಾರ ಕುಣಿ ಸಮವಾದ ಮೇಲೆ ಕಾಕಾ-ಕಾಕಿಗೆ ಚಹಾ ಕೊಟ್ಟು ಕಾಕಿಯ ಮಗ್ಗುಲಿಗೆ ಕೂತೆ. ಆ ಕೂಸಿಗೆ ಏನು ಹೆಸರಿಡಬೇಕೆಂದಿದ್ದೆ ಎಂದು ಕೇಳಿದೆ.

"ಇಟ್ಟಿದ್ದೆ ಬಿಡವಾ, ಮನಸಿನಾಗ," ಎಂದಳು. "ಕಸ್ತೂರಿ ಅಂತ."

ಕಾಕಾ ಚಹಾದ ಬಸಿ ಕೆಳಗಿಟ್ಟ. ಅವನಿಗೂ ಗೊತ್ತಿರಲಿಲ್ಲ. ಆಮೇಲೆ, ಮೆಲ್ಲಗೆ, ಒಂದು ಸಲ ಆ ಹೆಸರು ಹಿಡಿದು ಕರೆದ.