ಮುನ್ನುಡಿಯೂ ರಸಬಾಳೆಯೂ

ಈಗಲೂ ಯಾರಾದರೂ "ನಿಮ್ಮ ಪುಸ್ತಕಕ್ಕೆ ಮುನ್ನುಡಿ ಯಾರದು?" ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಂಜನಗೂಡಿನ ಗೊಬ್ಬರದಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ ನನ್ನದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದ ಕಥೆಗಳು ಒಂದು ಪುಸ್ತಕಕ್ಕಾಗುವಷ್ಟು ಆದವು. ಮೊದಲ ಪುಸ್ತಕಕ್ಕೆ ದೊಡ್ಡವರ ಮುನ್ನುಡಿ ಇಲ್ಲದಿದ್ದರೆ ನಾಯಿಯೂ ಮೂಸುವುದಿಲ್ಲ ಎಂದು ಕಂಡಕಂಡವರೆಲ್ಲ ಹೆದರಿಸಿದರು. ನಾನೂ ಹೆದರಿದೆ. ಟಿ. ನರಸೀಪುರದಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದರು, ವಿಮರ್ಶಕರೆಂದು ಹೆಸರಾದವರು. ಅವರಿಗೆ ಹಸ್ತಪ್ರತಿ ಕೊಟ್ಟು ಬಂದೆ. ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ.

ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತುತ್ತಿದ್ದೆ. ಬರಿಗೈಲಿ ಹೋಗಬಾರದೆಂದು ಮೊದಲ ಸಲ ಒಂದು ಚಿಪ್ಪು ರಸಬಾಳೆ ಒಯ್ದದ್ದೇ ತಪ್ಪಾಯಿತು. ಆಮೇಲೆ ನಾನು ಗೇಟು ತೆಗೆಯುವಾಗಲೇ ಅವರ ಕಣ್ಣು ನನ್ನ ಚೀಲದ ಮೇಲೆ. ಆ ಹಣ್ಣು ಈಗ ನಮ್ಮೂರಿನಲ್ಲೂ ಎಲ್ಲೆಂದರಲ್ಲಿ ಸಿಗುವುದಿಲ್ಲ, ಹುಡುಕಿ ತರಬೇಕು. ಅವರು ಹಣ್ಣು ಸುಲಿಯುತ್ತ, "ಹೊಸಬರಿಗೆ ಅವಸರ ಇರಬಾರದಮ್ಮ. ಮುನ್ನುಡಿ ಅಂದ್ರೆ ತಪಸ್ಸು" ಅನ್ನುವರು. ನಾನು "ಆಗ್ಲಿ ಸರ್" ಎಂದು ತಲೆಯಾಡಿಸಿ ಬರುತ್ತಿದ್ದೆ. ವಾಪಸ್ ಬರುವ ಬಸ್ಸಿನಲ್ಲಿ ನನ್ನ ಕಥೆಗಳೇ ನನಗೆ ಸಪ್ಪೆ ಅನ್ನಿಸುತ್ತಿದ್ದವು. ಚೆನ್ನಾಗಿದ್ದಿದ್ದರೆ ಇಷ್ಟು ಹೊತ್ತಿಗೆ ಒಂದು ಮಾತಾದರೂ ಹೇಳುತ್ತಿರಲಿಲ್ಲವೇ? ಬರೆಯುವುದನ್ನೇ ನಿಲ್ಲಿಸಿಬಿಟ್ಟೆ.

ಕೊನೆಗೊಂದು ಭಾನುವಾರ ಎರಡು ಹಾಳೆ ಕೈಗಿಟ್ಟರು. ನಿಂತಲ್ಲೇ ಓದಿದೆ. "ಈ ಕವಯಿತ್ರಿಯ ಕವಿತೆಗಳಲ್ಲಿ ಹೆಣ್ಣಿನ ಸಹಜ ಸಹನೆ ಮಡುಗಟ್ಟಿದೆ" ಎಂದು ಶುರು. ನಾನು ಜನ್ಮದಲ್ಲಿ ಒಂದು ಕವಿತೆ ಬರೆದವಳಲ್ಲ.

"ಸರ್, ನನ್ನವು ಕಥೆಗಳು."

"ಕಥೆ ಅಂತ ತಿದ್ಕೊಮ್ಮ. ಮಿಕ್ಕಿದ್ದೆಲ್ಲ ಸರಿಹೋಗುತ್ತೆ."

ತಿದ್ದಿಕೊಳ್ಳಬೇಕಂತೆ! ತಿಂದ ಹಣ್ಣಿನ ಋಣಕ್ಕಾದರೂ ಒಂದು ಪುಟ ತಿರುವಿ ನೋಡಬಾರದಿತ್ತೇ ಈ ಮನುಷ್ಯ?

ಅಷ್ಟರಲ್ಲಿ ಕಾಫಿ ತಂದ ಅವರ ಹೆಂಡತಿ ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿ ನನ್ನ ಕಡೆ ತಿರುಗಿದರು.

"ನಿನ್ ಮೇಲೆ ನಂಗೆ ಬಾಳ ಕ್ವಾಪ ಕಣವ್ವ. ಆ ಕವಲಂದೆ ಊರ್ ಎಂಗ್ಸು, ಗಂಡ ಡೈರಿ ದುಡ್ಡೆಲ್ಲ ಕಿತ್ಕತಾನೆ ಅಂತ ಎಲ್ಲಾರ್ ಮುಂದ್ಲೂ ಕ್ಯಾನಲ್ಲಿದ್ದ ಆಲ್ನೆಲ್ಲ ಮೋರಿಗೆ ಸುರೀತಾಳೆ. ಸರಿಯಾಗ್ ಮಾಡುದ್ಲು ಅನ್ಕಂಡೆ. ಮಾರ್ನೆ ದಿನ ನೋಡುದ್ರೆ ಮತ್ತೆ ಅದೇ ಡೈರಿ ಮುಂದೆ ನಿಂತವ್ಳೆ! ಯಾಕಂಗ್ ಬರ್ದೆ?"

ಅದು ನಾನು ಬರೆದ ಒಂದು ಕಥೆ. ಟೀಪಾಯಿಯ ಕೆಳಗೆ ಹಳೇ ಪೇಪರುಗಳ ರಾಶಿಯಲ್ಲಿ ಬಿದ್ದಿದ್ದ ಹಸ್ತಪ್ರತಿಯನ್ನು ಆಕೆ ಎತ್ತಿಕೊಂಡು ಪೂರ್ತಿ ಓದಿದ್ದರು.

"ಹಸೂಗೆ ಅವಳ ಕೋಪ ಗೊತ್ತಾಗ್ತದಾ ಅಮ್ಮ? ಬೆಳಿಗ್ಗೆ ಎದ್ರೆ ಕೆಚ್ಚಲು ತುಂಬ್ಕೊಂಡಿರ್ತದೆ, ಕರೀಲೇಬೇಕು" ಅಂದೆ.

"ಕರ್ಕಂಡು ಮಕ್ಳಿಗೆ ಕುಡುಸ್ಲಿ. ಡೈರಿಗ್ಯಾಕೆ ಓಯ್ತಾಳೆ?"

"ಮನೇಲಿ ಕೂತ್ರೆ ಗಂಡ ಗೆದ್ದ ಹಾಗೆ. ಅವಳು ಸೋತು ಬಂದಿಲ್ಲ. ನಿನ್ನೆ ಚೆಲ್ಲಿದವಳು ನಾನೇ, ಎಲ್ಲಾರೂ ನೋಡಿ ಅಂತ ಬಂದು ನಿಂತಿದ್ದಾಳೆ. ನಾನಂತೂ ಅದನ್ನ ಬದಲಾಯಿಸಲ್ಲ."

ನನ್ನ ದನಿ ಏರಿತ್ತು. ತಿಂಗಳುಗಟ್ಟಲೆ "ಆಗ್ಲಿ ಸರ್" ಅಂದ ಬಾಯಿ ಇದೇನಾ ಎಂದು ನನಗೇ ಅನ್ನಿಸಿತು. ಮೇಷ್ಟ್ರು ನಡುವೆ ಬಾಯಿ ಹಾಕಿ, "ನೋಡಿ, ಹಾಲು ಅನ್ನೋದು ಇಲ್ಲಿ ಒಂದು ಸಂಕೇತ..." ಎಂದು ಶುರುಮಾಡಿದರು.

"ನೀವು ಸುಮ್ನಿರಿ ಸರ್. ಓದಿದವರು ಮಾತಾಡ್ತಿದ್ದಾರೆ" ಅಂದೆ.

ಅವರ ಎರಡು ಹಾಳೆಯನ್ನು ಅಲ್ಲೇ ಬಿಟ್ಟು ನನ್ನ ಹಸ್ತಪ್ರತಿ ಎತ್ತಿಕೊಂಡೆ. ಚೀಲದಲ್ಲಿದ್ದ ರಸಬಾಳೆ ಚಿಪ್ಪನ್ನು ಆಕೆಯ ಕೈಗೇ ಕೊಟ್ಟೆ. ಗೇಟಿನವರೆಗೂ ಬಂದ ಆಕೆ, "ನೀ ಏನಾರ ಏಳು, ನಂಗೆ ಒಪ್ಗೆ ಇಲ್ಲ ಕಣವ್ವ" ಅಂದರು. ಬಸ್ಸು ಹತ್ತಿದರೂ ಸಿಟ್ಟು ಇಳಿದಿರಲಿಲ್ಲ. ಆ ಸಿಟ್ಟಿನಲ್ಲೇ ಹೊಸ ಕಥೆಯೊಂದರ ಮೊದಲ ಸಾಲು ಬರೆದೆ.

ಮುಂದಿನ ವಾರ ಪ್ರೆಸ್ಸಿನವನು ಹಾಳೆಗಳನ್ನು ತಿರುವಿ, "ಮುನ್ನುಡಿ ಎಲ್ಲಿ ಮೇಡಂ? ಅದಿಲ್ದೆ ಯಾರ್ ಓದ್ತಾರೆ?" ಎಂದು ಕೇಳಿದ.

"ಓದಿ ಜಗಳ ಆಡಿದವರು ಒಬ್ರು ಆಗ್ಲೇ ಇದ್ದಾರೆ. ನೀವು ಪ್ರಿಂಟ್ ಹಾಕಿ" ಅಂದೆ.