ಸಪ್ಪಲಮ್ಮ ಹಿಡಿಸಿದ ಮೂಳೆಯ ಕಸಿ

ಯಜಮಾನರು ತೀರಿಕೊಂಡ ಕೆಲವು ತಿಂಗಳಿಗೆ ನನ್ನ ಬಲಭುಜ ನೋಯತೊಡಗಿತು. ಹತ್ತು ವರ್ಷದ ಹಿಂದೆ ಆಪರೇಷನ್ ಆಗಿದ್ದ ಭುಜ ಅದು. ನೋವಿಗಿಂತ ಭಯವೇ ಹೆಚ್ಚಾಯಿತು.

ಆಗ ಮೆಟ್ಟಿಲಿನಿಂದ ಬಿದ್ದು ಕೀಲು ಪುಡಿಯಾಗಿತ್ತು. ಹೊಸ ಕೀಲು ಕೂರಿಸಲು ಅಲ್ಲಿ ಮೂಳೆ ಸಾಲದೆ, ನನ್ನ ಸೊಂಟದಿಂದಲೇ ಒಂದು ತುಂಡು ತೆಗೆದು ಕಸಿ ಮಾಡಿದರು. "ಕೆಲವರಿಗೆ ಆ ಮೂಳೆ ವರ್ಷಗಳ ಮೇಲೆ ಕರಗಿ ಕೀಲು ಸಡಿಲ ಆಗುತ್ತೆ. ವರ್ಷಕ್ಕೊಂದ್ಸಲ ಬಂದು ತೋರಿಸಿ" ಎಂದು ಡಾಕ್ಟರು ಹೇಳಿದ್ದರು. ನಮ್ಮವರು ಸಾಸಲು ಕಡೆಯ ದ್ರಾಕ್ಷಿ ತೋಟಗಳಲ್ಲಿ ಕಸಿ ಕಟ್ಟುತ್ತಿದ್ದವರು. "ಹಂಗಾದ್ರೆ ಚಿಗುರು ಯಾವಾಗ ಬರ್ತದೆ ಸಾರ್?" ಎಂದು ಡಾಕ್ಟರನ್ನೇ ನಗಿಸಿದರು. ಮನೆಗೆ ಬಂದ ಮೇಲೆ ಮಾತ್ರ, "ಕಟ್ಟಿದ ಕಸೀನ ಬಿಚ್ಚಿ ಬಿಚ್ಚಿ ನೋಡಬಾರ್ದು ಕಣೆ, ಹಿಡಿಯಲ್ಲ. ನಮ್ಮೂರ ಸಪ್ಪಲಮ್ಮನ ಮೇಲೆ ಭಾರ ಹಾಕಿ ಸುಮ್ನಿರು" ಎಂದರು. ಕೈ ಮೇಲಕ್ಕೆ ಬಂತು, ನೋವು ಹೋಯಿತು. ನಾವು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ಈಗ ಅವರಿಲ್ಲ. ಮೂಳೆ ಕರಗಿಯೇ ಹೋಯಿತೆಂದು ನಂಬಿಬಿಟ್ಟೆ. ಇನ್ನೊಂದು ಆಪರೇಷನ್ ತಡೆಯುವ ಶಕ್ತಿ ನನ್ನಲ್ಲಿರಲಿಲ್ಲ. ಆದರೂ ಅದೇ ಆಸ್ಪತ್ರೆಯಲ್ಲಿ ತೋರಿಸಿಬಿಡೋಣವೆಂದು ದೊಡ್ಡಬಳ್ಳಾಪುರದಲ್ಲಿ ಬೆಂಗಳೂರಿನ ಬಸ್ಸು ಹತ್ತಿದೆ. ಬಾಶೆಟ್ಟಿಹಳ್ಳಿಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿದವರು ಹತ್ತಿ ಬಸ್ಸು ತುಂಬಿತು. ಭುಜಕ್ಕೆ ಯಾರೂ ತಗುಲದಂತೆ ಕಿಟಕಿಗೆ ಒತ್ತಿ ಕೂತು, "ಅಮ್ಮಾ, ಅವರ ಮಾತು ಸುಳ್ಳು ಮಾಡಬೇಡ" ಎಂದು ಬೇಡಿಕೊಂಡೆ.

ಅದೇ ಡಾಕ್ಟರು, ತಲೆ ನರೆತಿತ್ತು. "ಏನಮ್ಮಾ, ವರ್ಷಕ್ಕೊಂದ್ಸಲ ಬನ್ನಿ ಅಂದ್ರೆ ಹತ್ತು ವರ್ಷಕ್ಕೆ ಬಂದಿದೀರಾ!" ಎಂದು ಗದರಿದರು. ಎಕ್ಸ್‌ರೇ ತೆಗೆಸಿ ಹತ್ತಿರ ಬಗ್ಗಿ ನೋಡಿದರು.

"ಇಲ್ನೋಡಿ" ಎಂದು ಪರದೆಯ ಮೇಲೆ ಬೆರಳಿಟ್ಟರು. "ಸೊಂಟದ್ದು ಯಾವುದು, ಭುಜದ್ದು ಯಾವುದು ಅಂತ ಇಟ್ಟ ನನಗೇ ಗೊತ್ತಾಗ್ತಿಲ್ಲ. ಒಂದಾಗ್ಬಿಟ್ಟಿದೆ. ಕೀಲು ಒಂಚೂರೂ ಅಲ್ಲಾಡಿಲ್ಲ."

"ಮತ್ತೆ ನೋವು ಸಾರ್?"

"ಅದು ಮಾಂಸಖಂಡದ್ದು. ಈಚೆಗೆ ಭಾರ ಏನಾದ್ರೂ ಎತ್ತುತಿದೀರಾ?"

"ನೀರಿನ ಕ್ಯಾನು ಸಾರ್. ಮೊದಲು ನಮ್ಮವರು ತರ್ತಿದ್ರು."

ಬೆಳ್ಳಗೆ ಹೊಳೆಯುತ್ತಿದ್ದ ಆ ಮೂಳೆಯನ್ನೇ ನೋಡುತ್ತ ನಿಂತೆ. ಗುಡಿಯ ಬಾಗಿಲು ತೆರೆದು ಅಮ್ಮನ ಮುಖ ಕಂಡಾಗ ಮೈ ನಡುಗುತ್ತದಲ್ಲ, ಹಾಗೆಯೇ ಆಯಿತು. ನಾವು ಉಂಡು ಮಲಗಿದ ದಿನ, ಜಗಳವಾಡಿ ಮಾತು ಬಿಟ್ಟ ದಿನ, ಅವರನ್ನು ಮಣ್ಣಿಗಿಟ್ಟು ಬಂದ ದಿನವೂ ಆಕೆ ನನ್ನೊಳಗೆ ಕೂತು ಮೂಳೆಗೆ ಮೂಳೆ ಕೂಡಿಸುತ್ತಲೇ ಇದ್ದಳು.

ಭಕ್ತರೇ, ತಾಯಿಯನ್ನು ನಂಬಿ, ವೈದ್ಯರಿಗೂ ತಪ್ಪದೆ ತೋರಿಸಿಕೊಳ್ಳಿ. ನಾನಂತೂ ಇನ್ನು ವರ್ಷ ವರ್ಷವೂ ಹೋಗುತ್ತೇನೆ. ದೇವರು ಮೈಯೊಳಗೆ ಮಾಡಿದ ಕೆಲಸವನ್ನು ಕಣ್ಣಾರೆ ಕಾಣುವ ಭಾಗ್ಯ ಎಷ್ಟು ಜನಕ್ಕಿದೆ?