ಬೆಳ್ಳಗೇ ಉಳಿದ ಕರಡಿಗೆ

ತೆರಕಣಾಂಬಿಯ ನಾಗರತ್ನಮ್ಮ ದಿನವೂ ಬೆಳಿಗ್ಗೆ ಸ್ನಾನ ಮುಗಿಸಿ, ದೇವರ ದೀಪ ಹಚ್ಚುವ ಮೊದಲು, ಬೆಳ್ಳಿಯ ಕರಡಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ವಿಭೂತಿಯಿಂದ ತಿಕ್ಕುತ್ತಾರೆ. ಜ್ವರ ಬಂದ ದಿನವೂ ತಪ್ಪಿಸಿದವರಲ್ಲ. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಸಂಪುಟ ಅದು. ಅವರ ಗಂಡ ಮಲ್ಲೇಶ್ ಅವರದು. ಈಗ ಒಳಗೆ ಲಿಂಗವಿಲ್ಲ. ಅದು ಮಲ್ಲೇಶರ ಅಂಗೈಯಲ್ಲಿ ಅವರೊಂದಿಗೇ ಮಣ್ಣಿಗೆ ಹೋಯಿತು.

ಸಮುದ್ರ ಕಾಣದ ಈ ಊರಿನಿಂದ ಮಲ್ಲೇಶ್ ಹಡಗು ಸೇರಿದ್ದು ತರಕಾರಿ ಲಾರಿಯ ದೆಸೆಯಿಂದ. ಟೊಮೆಟೊ ಹೇರಿಕೊಂಡು ಕೊಚ್ಚಿಗೆ ಹೋಗುತ್ತಿದ್ದರು. ಎಂಜಿನ್ ಕೆಲಸದಲ್ಲಿ ಕೈ ಚೆನ್ನಾಗಿತ್ತು. ಅದನ್ನು ಕಂಡ ಮಲಯಾಳಿ ಮೇಸ್ತ್ರಿಯೊಬ್ಬರು ಸರಕು ಹಡಗಿನ ಎಂಜಿನ್ ಕೋಣೆಗೆ ಸೇರಿಸಿದರು.

ಆಗ ಹಡಗಿನಲ್ಲಿ ಉರಿಯುತ್ತಿದ್ದದ್ದು ಡಾಂಬರಿನಂಥ ಮಂದ ಎಣ್ಣೆ. ಪ್ರತಿ ರಜೆಯಲ್ಲೂ ಕರಡಿಗೆ ಬಾಣಲೆಯ ತಳದಂತೆ ಕಪ್ಪಾಗಿ ಬರುತ್ತಿತ್ತು.

“ಇದೇನಿದು, ಸ್ವಾಮಿನ ಒಲೆ ಒಳಗಿಟ್ಟಿದ್ರಾ?” ಎಂದು ನಾಗರತ್ನಮ್ಮ ರೇಗುವರು.

“ನಾನೂ ಸ್ವಾಮಿನೂ ಒಟ್ಗೇ ಬೇಯ್ತೀವಿ ಕಣಮ್ಮಿ. ನನ್ನ ಒಳಗ ತಿಕ್ಕಕ್ಕಾಗಲ್ಲ, ಅದನ್ನಾದ್ರೂ ತಿಕ್ಕು!”

ಮಲ್ಲೇಶರ ನಗು ಕೆಮ್ಮಾಗಿ ಮುಗಿಯುತ್ತಿತ್ತು. ಕೆಮ್ಮು ಬಲಿತಾಗ ನಾಗರತ್ನಮ್ಮ ಕರಡಿಗೆ ಮುಟ್ಟಿಸಿ ಆಣೆ ಮಾಡಿಸಿದರು: ಇದೊಂದು ಸಲ ಹೋಗಿ ಬಂದು ಕೆಲಸ ಬಿಡಬೇಕು, ಗುಂಡ್ಲುಪೇಟೆ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಬೇಕು. ಮಲ್ಲೇಶ್ ಒಪ್ಪಿದರು.

ಆ ಸಲ ಕರಡಿಗೆ ಬೆಳ್ಳಗೆ ಬಂತು.

“ಹಡಗಿಗೆ ಹೊಸ ಕಾನೂನು ಬಂದದೆ. ಗಂಧಕ ತೆಗೆದ ಎಣ್ಣೆ ಉರುಸ್ತಾವ್ರೆ. ಹೊಗೆನೇ ಕಾಣಲ್ಲ ಅನ್ನು,” ಎಂದರು ಮಲ್ಲೇಶ್.

ನಾಗರತ್ನಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಸೆರಗಿನಿಂದ ಉಜ್ಜಿದರು, ಕಲೆ ಹತ್ತಲಿಲ್ಲ. ಸ್ವಾಮಿಯೇ ದಾರಿ ತೋರಿಸಿದ ಎಂದು ಕಣ್ಣಿಗೊತ್ತಿಕೊಂಡರು.

“ಅಂಗಾದ್ರ ಓಗಿ ಬನ್ನಿ.”

“ನಿಜವಾಗ್ಲೂವಾ? ಅಂಗಡಿ?”

“ಅಂಗಡಿ ಎಲ್ಲಿಗೋದದು? ಬೆಳ್ಳಿ ಸುಳ್ಳೇಳ್ತದಾ?”

ಎಂಜಿನ್ನಿನ ಮೇಲೆ ಪ್ರಾಣ ಇಟ್ಟಿದ್ದ ಮನುಷ್ಯ. ಆ ದಿನ ಎರಡು ಮುದ್ದೆ ಹೆಚ್ಚಿಗೆ ಉಂಡರಂತೆ.

ಆಮೇಲೆ ಪ್ರತಿ ರಜೆಯಲ್ಲೂ ಕರಡಿಗೆ ಬೆಳ್ಳಗೇ ಇತ್ತು. ಕೆಮ್ಮು ಮಾತ್ರ ಹೋಗಲಿಲ್ಲ. ಹಳೆಯ ಹೊಗೆಯ ಬಾಕಿ, ತಾನಾಗಿ ಕರಗುತ್ತದೆ ಎಂದು ಇಬ್ಬರೂ ನಂಬಿದ್ದರು. ಕೊನೆಗೊಂದು ರಜೆಯಲ್ಲಿ, ಊರಿನ ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲು ಹತ್ತಲಾರದೆ ಮಲ್ಲೇಶ್ ಅಲ್ಲೇ ಕುಸಿದು ಕೂತರು.

ಮೈಸೂರಿನ ಆಸ್ಪತ್ರೆಯಲ್ಲಿ ನಾಗರತ್ನಮ್ಮ ಡಾಕ್ಟರ ಮುಂದೆ ಕರಡಿಗೆ ಹಿಡಿದರು. “ನೋಡಿ ಸ್ವಾಮಿ, ಒಂಚೂರೂ ಮಸಿ ಇಲ್ಲ.”

ಡಾಕ್ಟರು ಅದನ್ನು ತಿರುಗಿಸಿ ನೋಡಿದರು. “ಗಂಧಕ ಕಮ್ಮಿಯಾದರೆ ಬೆಳ್ಳಿ ಅಷ್ಟು ಬೇಗ ಕಪ್ಪಾಗಲ್ಲಮ್ಮ. ಆದರೆ ಡೀಸೆಲ್ ಎಂಜಿನ್ ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯೂ ಇರುತ್ತೆ. ಅದನ್ನ ಬೆಳ್ಳಿ ತೋರಿಸಲ್ಲ.”

ಶ್ವಾಸಕೋಶ ಕೆಡಿಸಿದ್ದು ಹಳೆಯ ಹೊಗೆಯೋ ಹೊಸದೋ, ಅವರಿಗೂ ಹೇಳಲಾಗಲಿಲ್ಲ. ಕೆಲಸ ಮೊದಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಎಂದಷ್ಟೇ ಅಂದರು. ನಾಗರತ್ನಮ್ಮನ ಕಿವಿಯಲ್ಲಿ ಉಳಿದದ್ದು ಅದೊಂದೇ.

“ನೀ ಏನ್ ಮಾಡಿಯಮ್ಮಿ, ಬುಡು... ನಾನೂ ನೋಡುದ್ನಲ್ಲ... ಬೆಳ್ಳಗಿತ್ತು,” ಎಂದು ಮಲ್ಲೇಶ್ ಮಾತಿಗೊಂದು ಉಸಿರು ಎಳೆದುಕೊಂಡು ಹೇಳಿದರು. ಮನೆಗೆ ಮರಳಲಿಲ್ಲ.

ಮನೆಯ ಗಾಳಿಗೂ ಬೆಳ್ಳಿ ಮೆಲ್ಲಗೆ ಮಂಕಾಗುತ್ತದೆ. ಮೊನ್ನೆ ಬಂದಿದ್ದ ಮೈದುನ ಸೋಮೇಶ್, ಅತ್ತಿಗೆ ತಿಕ್ಕುವುದನ್ನು ನೋಡುತ್ತ ಬಾಗಿಲಲ್ಲೇ ನಿಂತ.

“ಬೆರಳೆಲ್ಲ ಸವೆಸ್ಕತಾ ಇದ್ದೀರಲ್ಲ ಅತ್ಗೆ. ಗುಂಡ್ಲುಪೇಟೇಲಿ ನಮ್ಮ ಗುರ್ತಿನ ಅಂಗಡಿ ಅದೆ. ಒಂದು ಲೇಪ ಆಕ್ಕೊಡ್ತಾರೆ, ಆಮ್ಯಾಕೆ ಕಪ್ಪಾಗೋದೇ ಇಲ್ಲ. ಕೊಡಿ, ಇವತ್ತೇ ಮಾಡುಸ್ಕಬತ್ತೀನಿ.”

ಅವನು ಚಾಚಿದ ಕೈಯನ್ನು ನೋಡಿ ನಾಗರತ್ನಮ್ಮ ಕರಡಿಗೆಯನ್ನು ಮಡಿಲಿಗೆ ಎಳೆದುಕೊಂಡರು.

“ಬ್ಯಾಡ ಕಣಪ್ಪ. ಕಪ್ಪಾಗ್ದೆ ಇದ್ದುದ್ದ ಒಂದ್ಸಲ ನೋಡಿವ್ನಿ, ಸಾಕು. ಇದು ಇಂಗೇ ಇರ್ಲಿ, ಬುಡು.”